ಉಳಿಕೆಯ ಲೆಕ್ಕ: ಘಾತಶ್ರೇಣಿಗಳ ಕಲಿಕೆ ಮತ್ತು ಫಲನಗಳ ಅಂದಾಜು

ಕೂಡುವುದು, ಕಳೆಯುವುದು, ಗುಣಿಸುವುದು ಇಷ್ಟರಿಂದಲೇ ಬೆಲೆ ಕಂಡುಹಿಡಿಯಬಹುದಾದ ಫಲನಗಳೆಂದರೆ ಬಹುಪದೋಕ್ತಿಗಳು ಮಾತ್ರ; ಸೈನ್, ಲಾಗರಿದಮ್ ಮುಂತಾದವುಗಳಿಗೆ ಆ ಅನುಕೂಲವಿಲ್ಲದಿರುವುದರಿಂದ, ಅವುಗಳ ಸ್ಥಾನದಲ್ಲಿ ಅವುಗಳಿಗೆ ತೀರ ಹತ್ತಿರವಾಗಿ ಸಾಗುವ ಬಹುಪದೋಕ್ತಿಯೊಂದನ್ನು ಇರಿಸಿಕೊಳ್ಳುವುದೇ ಫಲನದ ಅಂದಾಜು ಎನಿಸಿಕೊಳ್ಳುತ್ತದೆ. ಒಂದು ಚರದ ಏರುತ್ತಿರುವ ಘಾತಗಳನ್ನು ತಕ್ಕ ಗುಣಾಂಕಗಳೊಡನೆ ಕೊನೆಯಿಲ್ಲದೆ ಕೂಡುತ್ತ ಹೋದರೆ ದೊರೆಯುವುದು ಘಾತಶ್ರೇಣಿ. ಬೆಂಗಳೂರಿನ ತಿಲಕ್ ನಗರ, ಜಯನಗರಗಳಿಂದ ಎಂಜಿನಿಯರಿಂಗ್ ಕಾಲೇಜಿಗೆ ಸೇರುವ ವಿದ್ಯಾರ್ಥಿಗೆ ಮೊದಲ ವರ್ಷದಲ್ಲಿಯೇ ಇಂಥ ಘಾತಶ್ರೇಣಿಗಳಾದ ಟೇಲರ್ ಮತ್ತು ಮೆಕ್ಲಾರಿನ್ ಶ್ರೇಣಿಗಳು ಎದುರಾಗುತ್ತವೆ. ಆದರೆ ನಾಲ್ಕೈದು ಪದಗಳನ್ನು ಬರೆದು ಮುಂದಕ್ಕೆ ಚುಕ್ಕಿಗಳನ್ನಿಟ್ಟಲ್ಲಿಗೆ ಉತ್ತರ ಮುಗಿಯಿತೆಂಬ ಅಭ್ಯಾಸ ಬೆಳೆದರೆ, ಆ ಚುಕ್ಕಿಗಳಲ್ಲಿ ಎಷ್ಟು ಬೆಲೆ ಉಳಿದುಹೋಯಿತು ಎಂಬ ಪ್ರಶ್ನೆ ಏಳುವುದೇ ಇಲ್ಲ. ಈ ವಿಷಯದ ಜೀವವಿರುವುದು ಆ ಉಳಿಕೆಯಲ್ಲಿ.

ಸೈನ್ ಫಲನದ ಶ್ರೇಣಿಯಲ್ಲಿ ಮೊದಲು ಕೋನ, ಅದರಿಂದ ಕಳೆಯಬೇಕಾದ ಕೋನದ ಘನದ ಆರನೆಯ ಒಂದು ಭಾಗ, ಬಳಿಕ ಕೂಡಬೇಕಾದ ಐದನೆಯ ಘಾತದ 120ನೆಯ ಒಂದು ಭಾಗ, ಹೀಗೆ ಪದಗಳು ಬರುತ್ತವೆ. ಕೋನವನ್ನು ರೇಡಿಯನ್‌ನಲ್ಲಿ, ಅಂದರೆ ಕಂಸದ ಉದ್ದವನ್ನು ತ್ರಿಜ್ಯದಿಂದ ಭಾಗಿಸಿದ ಅಳತೆಯಲ್ಲಿ, ತೆಗೆದುಕೊಳ್ಳಬೇಕು. 30 ಡಿಗ್ರಿಗೆ ಈ ಮೂರೇ ಪದಗಳು 0.5000021 ಎಂಬ ಬೆಲೆ ಕೊಡುತ್ತವೆ; ನಿಜ ಬೆಲೆ 0.5. ಪದಗಳು ಕಿರಿದಾಗುತ್ತ, ಒಂದು ಬಿಟ್ಟು ಒಂದು ಋಣವಾಗಿ ಬರುವಲ್ಲಿ ಉಳಿಕೆಯು ಬಿಟ್ಟ ಮೊದಲ ಪದವನ್ನು ಮೀರದೆಂಬ ನಿಯಮವಿರುವುದರಿಂದ, ನಿಜ ಬೆಲೆ ತಿಳಿಯದಿದ್ದರೂ ದೋಷದ ಮಿತಿಯನ್ನು ಮುಂಚೆಯೇ ಹೇಳಬಹುದು. ಅದೇ ಮೂರು ಪದಗಳು 90 ಡಿಗ್ರಿಗೆ 1ರ ಬದಲು 1.0045 ಎನ್ನುತ್ತವೆ, 180 ಡಿಗ್ರಿಗೆ ಸೊನ್ನೆಯ ಬದಲು 0.524 ಎನ್ನುತ್ತವೆ. ಶ್ರೇಣಿಯನ್ನು ಯಾವ ಬಿಂದುವಿನ ಸುತ್ತ ಕಟ್ಟಲಾಗಿದೆಯೋ ಅದರಿಂದ ದೂರ ಸರಿದಷ್ಟೂ ಹೆಚ್ಚು ಪದಗಳು ಬೇಕಾಗುತ್ತವೆ.

ಕೆಲವು ಫಲನಗಳಿಗೆ ಎಷ್ಟು ಪದಗಳನ್ನು ಸೇರಿಸಿದರೂ ಸಾಲದ ಒಂದು ಗಡಿಯಿರುತ್ತದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು 9ನೆಯ ಶತಮಾನದಲ್ಲಿ ಗಣಿತಸಾರಸಂಗ್ರಹದಲ್ಲಿ ವಿವರಿಸಿದ ಗುಣೋತ್ತರ ಶ್ರೇಢಿಯ ಮೊತ್ತವನ್ನು ಕೊನೆಯಿಲ್ಲದಂತೆ ಮುಂದುವರಿಸಿದರೆ, ಸಾಮಾನ್ಯ ಅನುಪಾತದ ಪರಿಮಾಣ 1ಕ್ಕಿಂತ ಕಡಿಮೆಯಿದ್ದಾಗ ಮಾತ್ರ ಅದು ಒಂದು ನಿಶ್ಚಿತ ಬೆಲೆಯತ್ತ ಸಾಗುತ್ತದೆ. ಹೀಗೆ ಸಾಗುವುದಕ್ಕೆ ಅಭಿಸರಣವೆಂದು ಹೆಸರು. ಆ ಶ್ರೇಢಿಯಲ್ಲಿ ಅನುಪಾತದ ಸ್ಥಾನಕ್ಕೆ ಚರದ ವರ್ಗವನ್ನು ಋಣಚಿಹ್ನೆಯೊಡನೆ ಇಟ್ಟು, ಬಂದ ಪದಗಳನ್ನು ಒಂದೊಂದಾಗಿ ಅನುಕಲಿಸಿದರೆ ಸ್ಪರ್ಶಜ್ಯೆಯಿಂದ ಕೋನವನ್ನು ಕೊಡುವ ಶ್ರೇಣಿ ಕೈಗೆ ಬರುತ್ತದೆ, ಅದರಲ್ಲಿ ಚರವನ್ನು 1 ಎಂದು ತೆಗೆದುಕೊಂಡರೆ ಪೈಯ ನಾಲ್ಕನೆಯ ಒಂದು ಭಾಗವು 1ರಿಂದ ಮೂರನೆಯ ಒಂದನ್ನು ಕಳೆದು, ಐದನೆಯ ಒಂದನ್ನು ಕೂಡಿ ಮುಂದುವರಿಯುವ ಪ್ರಸಿದ್ಧ ಮೊತ್ತವಾಗುತ್ತದೆ. 1 ಎಂಬುದು ಅಭಿಸರಣದ ಅಂಚು. ಈ ಮೊತ್ತ ಅಷ್ಟು ನಿಧಾನವಾಗಿ ಸಾಗುವುದಕ್ಕೆ ಕಾರಣವೂ ಅದೇ.

ಈ ನಿಧಾನವನ್ನು ಗೆದ್ದ ಬಗೆ ಕಲಿಯುವವರೆಲ್ಲ ಕೈಯಾರೆ ಮಾಡಿ ನೋಡಬೇಕಾದಷ್ಟು ಸೊಗಸಾಗಿದೆ. 14ನೆಯ ಶತಮಾನದಲ್ಲಿ ಕೇರಳದಲ್ಲಿದ್ದ ಸಂಗಮಗ್ರಾಮದ ಮಾಧವನಿಗೆ ಸಲ್ಲುವ ಈ ಶ್ರೇಣಿಯನ್ನು, ಅದರ ಉಪಪತ್ತಿಯೊಡನೆ, ಜ್ಯೇಷ್ಠದೇವನು 16ನೆಯ ಶತಮಾನದಲ್ಲಿ ಮಲಯಾಳಂ ಭಾಷೆಯ ಯುಕ್ತಿಭಾಷಾದಲ್ಲಿ ಬರೆದಿಟ್ಟನು. ಯುರೋಪಿನ ವಿದ್ವಾಂಸರ ಗಮನಕ್ಕೆ ಇದನ್ನು ತಂದದ್ದು 1834ರಲ್ಲಿ ಪ್ರಕಟವಾದ ಚಾರ್ಲ್ಸ್ ವಿಶ್‌ನ ಪ್ರಬಂಧ. ಹತ್ತು ಪದಗಳನ್ನು ಕೂಡಿ ನಾಲ್ಕರಿಂದ ಗುಣಿಸಿದರೆ ಪೈಗೆ 3.0418396 ಬರುತ್ತದೆ, ಎಂದರೆ ಮೊದಲ ದಶಮಾಂಶ ಸ್ಥಾನವೇ ತಪ್ಪು. ಆದರೆ ಮಾಧವನ ಪರಂಪರೆಯು ಅಲ್ಲಿಗೆ ನಿಲ್ಲದೆ, ಬಿಟ್ಟುಹೋದ ಪದಗಳೆಲ್ಲದರ ಒಟ್ಟು ಬೆಲೆಯನ್ನೇ ಒಂದು ಭಿನ್ನರಾಶಿಯಿಂದ ಅಂದಾಜಿಸಿತು. ಪದಗಳ ಸಂಖ್ಯೆಯ ನಾಲ್ಕು ಪಟ್ಟನ್ನು ಛೇದವಾಗಿಯೂ 1ನ್ನು ಅಂಶವಾಗಿಯೂ ಇಟ್ಟ ಮೊದಲ ತಿದ್ದುಪಡಿಯನ್ನು, ನಾಲ್ಕರಿಂದ ಗುಣಿಸುವ ಮುನ್ನ, ಸೇರಿಸಿದರೆ ಪೈ 3.1418396 ಆಗುತ್ತದೆ; ಪದಸಂಖ್ಯೆಯನ್ನು ಅದರ ವರ್ಗದ ನಾಲ್ಕು ಪಟ್ಟಿಗೆ 1 ಕೂಡಿದ ಮೊತ್ತದಿಂದ ಭಾಗಿಸಿದ ಎರಡನೆಯ ತಿದ್ದುಪಡಿಯಿಂದ 3.1415902, ಮೂರನೆಯದರಿಂದ 3.1415927, ಎಂದರೆ ಏಳು ದಶಮಾಂಶಗಳವರೆಗೂ ಸರಿ. ಎರಡನೆಯ ತಿದ್ದುಪಡಿಯ ನಿಖರತೆಯನ್ನು ತಿದ್ದುಪಡಿಯಿಲ್ಲದೆ ಮುಟ್ಟಬೇಕಾದರೆ ಸುಮಾರು ನಾಲ್ಕು ಲಕ್ಷ ಪದಗಳನ್ನು ಕೂಡಬೇಕಾಗುತ್ತಿತ್ತು. ಉಳಿಕೆಯನ್ನು ಎಸೆಯುವ ವಸ್ತುವೆಂದು ನೋಡದೆ, ಅಳೆದು ಬಳಸುವ ವಸ್ತುವೆಂದು ನೋಡಿದ ಬುದ್ಧಿ ಇಲ್ಲಿ ಕೆಲಸ ಮಾಡಿದೆ, ಮತ್ತು ತರಗತಿಯಲ್ಲಿ ಟೇಲರ್ ಸೂತ್ರಕ್ಕೂ ಮೊದಲು ಈ ಲೆಕ್ಕವನ್ನೇ ಮಾಡಿಸುವುದು ಹೆಚ್ಚು ಯೋಗ್ಯ.

ಎಲ್ಲ ಅಂದಾಜುಗಳೂ ಶ್ರೇಣಿಯಿಂದಲೇ ಹುಟ್ಟಬೇಕೆಂದೇನೂ ಇಲ್ಲ. 7ನೆಯ ಶತಮಾನದ ಮೊದಲನೆಯ ಭಾಸ್ಕರನು ಕೋನವನ್ನೂ 180ರಲ್ಲಿ ಅದನ್ನು ಕಳೆದ ಶೇಷವನ್ನೂ ಗುಣಿಸಿ, ಆ ಗುಣಲಬ್ಧದ ನಾಲ್ಕು ಪಟ್ಟನ್ನು 40500ರಲ್ಲಿ ಗುಣಲಬ್ಧವನ್ನು ಕಳೆದುದರಿಂದ ಭಾಗಿಸಿದರೆ ಸೈನ್ ಬರುವುದೆಂದು ಸೂತ್ರ ಕೊಟ್ಟನು. 0, 30, 90, 150, 180 ಡಿಗ್ರಿಗಳಲ್ಲಿ ಇದು ಸಂಪೂರ್ಣ ಸರಿ, ನಡುವೆ ಎಲ್ಲಿಯೂ ದೋಷ 0.002ನ್ನು ದಾಟುವುದಿಲ್ಲ. ಘಾತಶ್ರೇಣಿಯು ಒಂದು ಬಿಂದುವಿನ ಬಳಿ ಅತಿ ನಿಖರವಾಗಿದ್ದು ಪದ ಸೇರಿಸಿದಂತೆ ಇನ್ನೂ ಸುಧಾರಿಸುತ್ತದೆ. ಭಾಸ್ಕರನ ಸೂತ್ರವು ಇಡೀ ಅರ್ಧವೃತ್ತದ ಮೇಲೆ ಒಂದೇ ಸಮನಾಗಿ ಸಾಕಷ್ಟು ಸರಿಯಿದ್ದರೂ ಅದನ್ನು ಸುಧಾರಿಸುವ ದಾರಿ ಅದರೊಳಗಿಲ್ಲ. ಈ ಎರಡನೆಯ ಬಗೆಯ ಅಂದಾಜಿನ ದೊಡ್ಡ ಫಲ ಗಣೇಶ ದೈವಜ್ಞನ 1520ರ ಗ್ರಹಲಾಘವ. ಜ್ಯಾಕೋಷ್ಟಕಗಳನ್ನು, ಅಂದರೆ ಸೈನ್ ಬೆಲೆಗಳ ಪಟ್ಟಿಗಳನ್ನು, ಪೂರ್ತಿಯಾಗಿ ಕೈಬಿಟ್ಟು, ಬೀಜಗಣಿತದ ಸರಳ ಭಿನ್ನರಾಶಿಗಳಿಂದಲೇ ಗ್ರಹಗಣಿತವನ್ನು ನಡೆಸಿದ ಈ ಗ್ರಂಥವನ್ನು ಮಹಾರಾಷ್ಟ್ರದ ಮತ್ತು ಉತ್ತರ ಕರ್ನಾಟಕದ ಪಂಚಾಂಗಕರ್ತರು ನೆಚ್ಚಿಕೊಂಡರು. ತಿಲಕ್ ನಗರಕ್ಕೆ ಹತ್ತಿರದ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಗಣಿತ ಕಲಿಸಿದ ಎಸ್. ಬಾಲಚಂದ್ರ ರಾವ್ ಅವರು ಎಸ್. ಕೆ. ಉಮಾ ಅವರೊಡನೆ ಆ ಗ್ರಂಥವನ್ನು ಇಂಗ್ಲಿಷಿಗೆ ತಂದು ಗಣಿತದ ಟಿಪ್ಪಣಿಗಳಿಂದ ಬಿಡಿಸಿ ತೋರಿಸಿರುವುದರಿಂದ, ಗಣೇಶನ ಭಿನ್ನರಾಶಿಗಳನ್ನೂ ಸೈನ್ ಶ್ರೇಣಿಯ ಮೊದಲ ಪದಗಳನ್ನೂ ಒಂದೇ ಪುಟದಲ್ಲಿ ಬರೆದುಕೊಂಡು, ಯಾವ ಕೋನದವರೆಗೆ ಯಾವುದರ ದೋಷ ಕಡಿಮೆಯೆಂದು ಡಿಗ್ರಿ ಡಿಗ್ರಿಯಾಗಿ ಲೆಕ್ಕ ಹಾಕಿ ನೋಡುವ ಅವಕಾಶ ಇಲ್ಲಿನ ವಿದ್ಯಾರ್ಥಿಗಳಿಗೆ ತೆರೆದೇ ಇದೆ.