ಒಂದು ಕಾಯಿಲೆ, ಒಂದು ಮದುವೆ, ಒಂದು ಸಾಲ

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಹತ್ತರಗಿಯಂಥ ಊರುಗಳಿಂದ ಗೋಕಾಕ, ಬೆಳಗಾವಿಗೆ ದುಡಿಯಲು ಹೋಗಿ ಅಲ್ಲೇ ನೆಲೆಸಿದ ಕುಟುಂಬಗಳು ಹಲವು. ಗ್ಯಾರೇಜು, ಹಣ್ಣಿನ ಗಾಡಿ, ಹೊಲಿಗೆ, ಲಾರಿ ಡ್ರೈವರಿಕೆ ಅವರ ಕಸುಬು. ಪಟ್ಟಣ ಸೇರಿದರೆ ಬಡತನ ಹೋಯಿತು ಎಂದು ನಾವು ತಿಳಿಯುತ್ತೇವೆ. 2006ರ ಸಾಚಾರ್ ಸಮಿತಿ ವರದಿ ಬೇರೆಯದನ್ನೇ ತೋರಿಸಿತು. 2004-05ರಲ್ಲಿ ದೇಶದ ನಗರವಾಸಿ ಮುಸ್ಲಿಮರಲ್ಲಿ ಶೇ. 38.4ರಷ್ಟು ಜನ ಬಡವರಾಗಿದ್ದರು. ಹಳ್ಳಿಯ ಮುಸ್ಲಿಮರಿಗಿಂತ ಇದು ಹೆಚ್ಚು.

ನಮ್ಮ ಹಿಡಕಲ್ ಜಲಾಶಯ ನೋಡಿರಿ. ಒಳಹರಿವು ಹೊರಹರಿವು ಸಮನಾದರೆ ನೀರಿನ ಮಟ್ಟ ಬದಲಾಗುವುದಿಲ್ಲ. ಆದರೆ ಅಲ್ಲಿರುವುದು ನಿನ್ನೆಯ ನೀರಲ್ಲ. ಬಡತನವೂ ಹಾಗೆಯೇ. ಕೆಲವರು ಹೊರಬರುವಾಗಲೇ ಬೇರೆ ಕೆಲವರು ಬೀಳುತ್ತಿರುತ್ತಾರೆ. ಅನಿರುದ್ಧ ಕೃಷ್ಣ ಎಂಬ ವಿದ್ವಾಂಸರು ಭಾರತವೂ ಸೇರಿ ಹಲವು ದೇಶಗಳ ಸಾವಿರಾರು ಮನೆಗಳನ್ನು ವಿಚಾರಿಸಿ, 2010ರ ತಮ್ಮ ಪುಸ್ತಕದಲ್ಲಿ ಇದನ್ನೇ ವಿವರಿಸಿದ್ದಾರೆ. ಬೀಳುವ ಕಾರಣಗಳಲ್ಲಿ ಮುಖ್ಯವಾದವು ಕಾಯಿಲೆಯ ಖರ್ಚು, ಮದುವೆ-ಮರಣಗಳ ಖರ್ಚು ಮತ್ತು ಹೆಚ್ಚು ಬಡ್ಡಿಯ ಸಾಲ.

ಲೆಕ್ಕ ಹಾಕೋಣ. ನೂರಕ್ಕೆ ತಿಂಗಳಿಗೆ 5 ರೂಪಾಯಿಯಂತೆ 50,000 ಸಾಲ ತಂದರೆ ವರ್ಷಕ್ಕೆ ಬಡ್ಡಿಯೇ 30,000. ಅಸಲು ಹಾಗೇ ಉಳಿಯುತ್ತದೆ. 2019ರ ಆಗಸ್ಟ್‌ನಲ್ಲಿ ಪ್ರವಾಹದ ನೀರು ಗೋಕಾಕದ ಮನೆ, ಅಂಗಡಿಗಳಿಗೆ ನುಗ್ಗಿತು. ಆಗ ಮೊದಲೇ ಇಂಥ ಸಾಲದಲ್ಲಿದ್ದವರಿಗೆ ಮತ್ತೆ ಏಳುವುದು ಎಷ್ಟು ಕಷ್ಟವಾಗಿರಬೇಕು!

ಒಂಬತ್ತನೇ ತರಗತಿಯಲ್ಲಿ ನನ್ನ ಒಬ್ಬ ವಿದ್ಯಾರ್ಥಿ ಗಣಿತದಲ್ಲಿ ಮುಂದಿದ್ದ. ತಂದೆಗೆ ಆಪರೇಷನ್ ಆಯಿತು, ಮನೆಗೆ ಸಾಲ ಬಂತು. ದಸರಾ ರಜೆ ಮುಗಿದರೂ ಅವನು ಬರಲಿಲ್ಲ. ಮುಂದೆ ಗ್ಯಾರೇಜಿನಲ್ಲಿ ಸಿಕ್ಕಾಗ, "ಸರ್, ಸಾಲ ತೀರಿದ ಮೇಲೆ ಬರ್ತೀನಿ" ಅಂದ. ಬರಲಿಲ್ಲ. ನಾನು ಅವನ ಮನೆಗೆ ಹೋಗಿದ್ದು ತಡವಾಗಿ. ಈ ಮಾತು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಹೊರಬರುವ ದಾರಿ ಯಾವುದು? ಮನೆಗೆ ಎರಡನೇ ಆದಾಯ, ಕೈಯಲ್ಲಿ ಹುನ್ನರು, ಓದು, ಮತ್ತು ಎಲ್ಲಿ ಏನು ಸಿಗುತ್ತದೆ ಎಂಬ ಮಾಹಿತಿ. ಹೆಣ್ಣುಮಗಳು ಓದಿದರೆ ಈ ನಾಲ್ಕೂ ಮನೆಗೆ ಬರುತ್ತವೆ.

ಆದರೆ ಏಳಿಸುವುದಕ್ಕಿಂತ ಬೀಳದಂತೆ ತಡೆಯುವುದು ಸುಲಭ. ಆದ್ದರಿಂದ ಮೂರು ವಿನಂತಿಗಳಿವೆ. ಮೊದಲನೆಯದು, 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ನೆರವುಂಟು. ಆಸ್ಪತ್ರೆಗೆ ಓಡುವ ದಿನ ಕಾರ್ಡು ಹುಡುಕಬೇಡಿರಿ, ಈಗಲೇ ಮಾಡಿಸಿರಿ. ವಿದ್ಯಾರ್ಥಿಗಳೇ, ನಿಮ್ಮ ಓಣಿಯ ಮನೆಗಳಿಗೆ ಈ ಕೆಲಸದಲ್ಲಿ ನೆರವಾಗಿರಿ. ಎರಡನೆಯದು, ನಿಕಾಹ್ ಸರಳವಾಗಲಿ. ಮೆಹರ್ ಕೊಡಬೇಕಾದವನು ವರ. ವಧುವಿನ ತಂದೆಯಿಂದ ಹಣ, ವಾಹನ ಕೇಳುವ ರೂಢಿ ನಮ್ಮ ದೀನಿನದಲ್ಲ. ಮೂರನೆಯದು, ಝಕಾತ್ ಪಡೆಯಲು ಅರ್ಹರೆಂದು ಸೂರಃ ತೌಬಾ ಹೇಳುವ ಎಂಟು ವರ್ಗಗಳಲ್ಲಿ ಸಾಲಗಾರರೂ ಇದ್ದಾರೆ. ರಮಜಾನಿನಲ್ಲಿ ಚಿಲ್ಲರೆಯಾಗಿ ಹಂಚಿಹೋಗುವ ಹಣದಲ್ಲಿ ಒಂದು ಪಾಲು ಕೂಡಿಸಿದರೆ ಪ್ರತಿ ವರ್ಷ ಕೆಲವು ಮನೆಗಳ ಸಾಲ ತೀರಿಸಬಹುದು. ಅದರಿಂದ ಆ ಮನೆಯ ಮಕ್ಕಳು ಶಾಲೆಯಲ್ಲಿ ಉಳಿಯುತ್ತಾರೆ.

ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ಮೂರು ದಿನ ಸತತ ಗೈರುಹಾಜರಿ ಕಂಡರೆ ನಾನು ಈಗ ಅವತ್ತೇ ಆ ಮನೆಗೆ ಹೋಗುತ್ತೇನೆ. ನೀವೂ ಜೊತೆಗೆ ಬನ್ನಿರಿ.

ಅಲ್ಲಾಹನು ನಮಗೆಲ್ಲ ತೌಫೀಕ್ ನೀಡಲಿ. ವಸ್ಸಲಾಮ್.