ಎರಡು ಬೆಟ್ಟಗಳ ನಡುವೆ ಒಂದು ಒಡಂಬಡಿಕೆ

(ಹೆಬ್ಬಾಳದಲ್ಲಿ ವಿದ್ಯಾರ್ಥಿಗಳು ಹಾಗೂ ಮಲೆನಾಡಿನ ಗ್ರಾಮಸ್ಥರ ಮುಂದೆ ಮಾಡಿದ ಭಾಷಣ)



ನಾವಿಂದು ಸೇರಿರುವ ಹೆಬ್ಬಾಳದಲ್ಲಿ, ಕ್ರಿ.ಶ. 750ರ ಸುಮಾರಿನ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಬೆಳಕಿಗೆ ಬಂದಿತು. ಊರು ಮರೆತುದನ್ನು ಕಲ್ಲು ಮರೆತಿರಲಿಲ್ಲ. ನಮ್ಮ ದಾನಶಾಸನಗಳು ಕಲ್ಲಿನ ಈ ನೆನಪಿಗೆ ಶಾಪವನ್ನೂ ಸೇರಿಸಿದವು: ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟುವುದೆಂದು ಅವು ಎಚ್ಚರಿಸುತ್ತವೆ.

ಹೀಬ್ರೂ ಧರ್ಮಗ್ರಂಥದಲ್ಲಿಯೂ ಕಲ್ಲು ಮತ್ತು ಶಾಪಗಳು ಕೂಡಿದ ಒಂದು ಪ್ರಸಂಗವಿದೆ. ಧರ್ಮೋಪದೇಶಕಾಂಡದ 27ನೆಯ ಅಧ್ಯಾಯದ ಪ್ರಕಾರ, ಸುಣ್ಣ ಬಳಿದ ದೊಡ್ಡ ಕಲ್ಲುಗಳ ಮೇಲೆ ಧರ್ಮನಿಯಮವನ್ನು ಬರೆಯಬೇಕು. ಆರು ಕುಲಗಳು ಗೆರಿಜ್ಜೀಮ್ ಬೆಟ್ಟದಲ್ಲಿ, ಆರು ಕುಲಗಳು ಎದುರಿನ ಏಬಾಲ್ ಬೆಟ್ಟದಲ್ಲಿ ನಿಲ್ಲಬೇಕು. ಲೇವಿಯರು ಹನ್ನೆರಡು ಶಾಪಗಳನ್ನು ಗಟ್ಟಿಯಾಗಿ ನುಡಿಯಬೇಕು. ಪ್ರತಿಯೊಂದಕ್ಕೂ ಜನರೆಲ್ಲರೂ 'ಆಮೆನ್', ಅಂದರೆ 'ಹಾಗೆಯೇ ಆಗಲಿ', ಎನ್ನಬೇಕು. ನೆರೆಯವನ ಗಡಿಕಲ್ಲನ್ನು ಸರಿಸಿದವನು, ಕುರುಡನಿಗೆ ದಾರಿ ತಪ್ಪಿಸಿದವನು, ಪರದೇಶಿ, ಅನಾಥ, ವಿಧವೆಯರಿಗೆ ನ್ಯಾಯ ಕೆಡಿಸಿದವನು ಶಾಪಗ್ರಸ್ತರು.

ಇವುಗಳಲ್ಲಿ ಹೆಚ್ಚಿನವು ಯಾರೂ ಕಾಣದಂತೆ ಮಾಡಬಹುದಾದ ತಪ್ಪುಗಳೆಂಬುದನ್ನು ಗಮನಿಸಿರಿ. ಕಾವಲುಗಾರನಿಲ್ಲದೆಡೆ ಮನುಷ್ಯನನ್ನು ತಡೆಯುವುದು ಅವನು ತಾನೇ ಕೊಟ್ಟ ಮಾತು. ನಮ್ಮ ಶಾಸನದಲ್ಲಿ ಶಾಪವನ್ನು ಬರೆಸಿದವನು ದಾನಿ. ಇಲ್ಲಿ ಜನರೇ ಅದನ್ನು ತಮ್ಮ ಬಾಯಿಂದ ಒಪ್ಪಿಕೊಳ್ಳುತ್ತಾರೆ. ವ್ಯತ್ಯಾಸವಿರುವುದು ಇಲ್ಲಿಯೇ.

ಆ ಸಭೆಯಲ್ಲಿ ಹಿರಿಯರು ಮಾತ್ರ ಇರಲಿಲ್ಲ. ಸ್ತ್ರೀಯರು, ಮಕ್ಕಳು, ಪರದೇಶಿಗಳೂ ಇದ್ದರೆಂದು ಯೆಹೋಶುವನ ಗ್ರಂಥ ಹೇಳುತ್ತದೆ. ಧರ್ಮೋಪದೇಶಕಾಂಡದ 29ನೆಯ ಅಧ್ಯಾಯವಂತೂ ಸೌದೆ ಕಡಿಯುವವನನ್ನೂ ನೀರು ಸೇದುವವನನ್ನೂ ಹೆಸರಿಸಿ, ಅಂದು ಅಲ್ಲಿಲ್ಲದವರನ್ನೂ ಒಡಂಬಡಿಕೆಗೆ ಸೇರಿಸುತ್ತದೆ. ಕಾಡು, ನೀರುಗಳ ಮಾತು ಬಂದಾಗ ಮೊದಲು ಕೇಳಬೇಕಾದವರು ಇವರೇ ಅಲ್ಲವೆ?

ಆ ಜನರು ಕೊಟ್ಟ ಮಾತನ್ನು ಮತ್ತೆ ಮತ್ತೆ ಮುರಿದರು. ಆದುದರಿಂದಲೇ ಕ್ರಿ.ಪೂ. 5ನೆಯ ಶತಮಾನದಲ್ಲಿ, ನೆಹೆಮೀಯನ ಕಾಲದಲ್ಲಿ, ಮುಖಂಡರು ಪತ್ರಕ್ಕೆ ಮುದ್ರೆ ಒತ್ತಿದರು. ಉಳಿದವರು ಪ್ರಮಾಣ ಮಾಡಿದರು. ಏಳನೆಯ ವರ್ಷ ಭೂಮಿಯ ಬೆಳೆಯನ್ನೂ ಸಾಲದ ವಸೂಲಿಯನ್ನೂ ಬಿಟ್ಟುಬಿಡುವುದಾಗಿ ಮಾತು ಕೊಟ್ಟರು. ಭೂಮಿಯ ವಿಶ್ರಾಂತಿ, ಬಡವನ ಬಿಡುಗಡೆ ಎರಡೂ ಒಂದೇ ಪ್ರಮಾಣದಲ್ಲಿ ಸೇರಿದವು.

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನಪ್ಪಿ ನಿಂತದ್ದು ಮಾತಿಲ್ಲದ ಪ್ರಮಾಣವೇ ಆಗಿತ್ತು. 2006ರ ಅರಣ್ಯಹಕ್ಕು ಕಾಯಿದೆಯ 5ನೆಯ ಪ್ರಕರಣವು ಕಾಡು, ಜೀವವೈವಿಧ್ಯ, ಜಲಮೂಲಗಳನ್ನು ಕಾಯುವ ಅಧಿಕಾರವನ್ನು ಹಕ್ಕುದಾರರಿಗೂ ಗ್ರಾಮಸಭೆಗೂ ನೀಡಿದೆ. ಆದರೆ ಹಾಜರಿ ಪುಸ್ತಕದಲ್ಲಿನ ಸಹಿ ಪ್ರಮಾಣವಾಗದು. ಠರಾವನ್ನು ಗಟ್ಟಿಯಾಗಿ ಓದಿರಿ. ಸೌದೆ ಹೊರುವವಳು, ಶಾಲೆಯ ಹುಡುಗ, ಹೊರಗಿನಿಂದ ಬಂದ ಕೂಲಿಯವನು, ಎಲ್ಲರೂ ಕೇಳಿ ಉತ್ತರಿಸಲಿ. ವರ್ಷಕ್ಕೊಮ್ಮೆ ಮತ್ತೆ ಓದಿರಿ. ನಮ್ಮಲ್ಲಿ ಬೆಟ್ಟಗಳಿಗೆ ಕೊರತೆಯಿಲ್ಲ. ಅವುಗಳ ನಡುವೆ ನಿಂತು ಒಕ್ಕೊರಲಿನಿಂದ 'ಹಾಗೆಯೇ ಆಗಲಿ' ಎನ್ನುವ ಊರುಗಳು ಬೇಕಾಗಿವೆ.