ಸದಸ್ಯರ ತರಬೇತಿ: ಕಡತವೇ ಪಠ್ಯ



ವಯಸ್ಕರು ತಮ್ಮ ಅನುಭವಕ್ಕೂ ಎದುರಿಗಿರುವ ಕೆಲಸಕ್ಕೂ ಹೊಂದುವುದನ್ನೇ ಚೆನ್ನಾಗಿ ಕಲಿಯುತ್ತಾರೆಂಬುದು ಅಮೆರಿಕದ ಶಿಕ್ಷಣತಜ್ಞ ಮಾಲ್ಕಂ ನೋಲ್ಸ್ ಅವರ ಪ್ರತಿಪಾದನೆ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯು ಉಪಗ್ರಹದ ಮೂಲಕ ದೂರದ ತಾಲ್ಲೂಕುಗಳಿಗೂ ಪಾಠ ತಲುಪಿಸಿದೆ. ತಲುಪುವುದು ಬೇರೆ, ನಾಟುವುದು ಬೇರೆ.

ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಸದಸ್ಯರು ತರಬೇತಿಗೆ ಬರುವಾಗ ತಮ್ಮದೇ ಪಂಚಾಯಿತಿಯ ಆಯವ್ಯಯ, ತೆರಿಗೆಯ ಬೇಡಿಕೆ–ವಸೂಲಿ ಪಟ್ಟಿ, ಹಿಂದಿನ ಗ್ರಾಮಸಭೆಯ ನಡಾವಳಿಗಳ ಪ್ರತಿ ತರುವುದು ಉಚಿತ. ತಮ್ಮ ವಾರ್ಡಿನ ನೀರಿನ ಕರದ ಬಾಕಿಯನ್ನು ಸ್ವತಃ ಕೂಡಿ ನೋಡಿದ ಸದಸ್ಯೆಗೆ ಆಯವ್ಯಯ ಬೇಗ ತಿಳಿಯುತ್ತದೆ. ಓದು ಬಾರದವರು ಸಂಕೋಚಪಡಬೇಕಿಲ್ಲ. ಠರಾವನ್ನು ಗಟ್ಟಿಯಾಗಿ ಓದಿಸಿ, ಅರ್ಥವಾದ ಮೇಲೆ ಒಪ್ಪಿಗೆ ನೀಡಲಿ. ಸದಸ್ಯೆಯ ಬದಲು ಪತಿ ಬಂದು ಕೂರುವ ರೂಢಿ ಮಾತ್ರ ನಿಲ್ಲಲೇಬೇಕು: ಮತ ಆಕೆಯದು, ಹೊಣೆಯೂ ಆಕೆಯದೇ.

ತರಬೇತಿಯಲ್ಲಿ ಸಿದ್ಧಪಡಿಸಿದ ಬಾಕಿ ಪಟ್ಟಿಯನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಸದಸ್ಯರೇ ಮಂಡಿಸಲಿ.